ಮನೆಯ ಕರಾರು

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ಗಾದೆ. ಹಳೆಯ ಮನೆಯ ದುರಸ್ತಿಯೂ ಅಷ್ಟೇ ಕಷ್ಟದ ಕೆಲಸ. 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ ಮತ್ತು ಘಟಪ್ರಭಾ ನದಿಗಳು ಉಕ್ಕಿ ಹರಿದಾಗ ಜಮಖಂಡಿ, ಮುಧೋಳ ಭಾಗದ ತೀರದ ಊರುಗಳಲ್ಲಿ ಅನೇಕ ಮನೆಗಳ ಗೋಡೆಗಳು ಕುಸಿದವು. ಇಂತಹ ಸಂದರ್ಭದಲ್ಲಿ ಗೌಂಡಿಯನ್ನು ಕರೆದು, ಬಾಯಿಮಾತಿನಲ್ಲಿ ಬೆಲೆ ಗೊತ್ತುಮಾಡಿ, ಮುಂಗಡ ಕೊಟ್ಟು ಕೆಲಸ ಆರಂಭಿಸುವುದು ರೂಢಿ.

ಬಾಯಿಮಾತಿಗೆ ಕಾನೂನಿನಲ್ಲಿ ಬೆಲೆಯಿಲ್ಲವೇ? ಉಂಟು. 1872ರ ಭಾರತೀಯ ಕರಾರು ಕಾಯಿದೆಯ 10ನೆಯ ಕಲಮಿನಂತೆ, ಕರಾರು ಮಾಡಿಕೊಳ್ಳುವವರು ಅದಕ್ಕೆ ಅರ್ಹರಾಗಿರಬೇಕು, ಒಪ್ಪಿಗೆ ಸ್ವತಂತ್ರವಾಗಿರಬೇಕು, ಪ್ರತಿಫಲವೂ ಉದ್ದೇಶವೂ ನ್ಯಾಯಸಮ್ಮತವಾಗಿರಬೇಕು. ಮನೆಯ ದುರಸ್ತಿಯ ಕರಾರು ಬರಹದಲ್ಲಿಯೇ ಇರಬೇಕೆಂದು ಈ ಕಾಯಿದೆ ವಿಧಿಸಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಾದರೋ ಅಂತಹ ಕಡ್ಡಾಯವಿದೆ. ಅಲ್ಲಿ ಮುಂಗಡವು ಸಾಮಾನ್ಯವಾಗಿ 1000 ಡಾಲರ್ ಅಥವಾ ಒಟ್ಟು ಬೆಲೆಯ ಶೇಕಡಾ 10, ಇವೆರಡರಲ್ಲಿ ಕಡಿಮೆಯಾದುದನ್ನು ಮೀರಕೂಡದು.

ಕಾನೂನು ಕಡ್ಡಾಯ ಮಾಡದಿದ್ದರೂ ಬರೆದಿಡುವುದು ಏಕೆ ಲೇಸು? ರಬಕವಿ-ಬನಹಟ್ಟಿಯ ಒಬ್ಬ ನೇಕಾರನನ್ನು ಊಹಿಸಿಕೊಳ್ಳಿರಿ. ಅವನ ಮನೆಯೇ ಅವನ ಕಾರ್ಖಾನೆ. ಮಗ್ಗದ ಕೋಣೆಯ ಮಾಳಿಗೆಯನ್ನು ಬಿಚ್ಚಿದ ಮೇಲೆ ಕೆಲಸ ಅರ್ಧಕ್ಕೆ ನಿಂತರೆ ಮಗ್ಗವೂ ನಿಲ್ಲುತ್ತದೆ, ಗಳಿಕೆಯೂ ನಿಲ್ಲುತ್ತದೆ. ಸಿಮೆಂಟು ತರಬೇಕಾದವರು ಯಾರು? ಮಳೆಗಾಲಕ್ಕೆ ಮುನ್ನ ಮುಗಿಸುವ ಮಾತಿತ್ತೇ? ಒಬ್ಬರು ಹೌದೆಂದರೆ ಇನ್ನೊಬ್ಬರು ಅಲ್ಲವೆನ್ನುತ್ತಾರೆ. ಮಾತು ನಡೆದುದು ನಿಜವಾದರೂ ಅದನ್ನು ಸಿದ್ಧಪಡಿಸುವುದು ಕಠಿಣ.

ಆದುದರಿಂದ ಕರಾರು ಪತ್ರದಲ್ಲಿ ಉಭಯರ ಹೆಸರು ಮತ್ತು ವಿಳಾಸ, ಕೆಲಸದ ವಿವರ ಮತ್ತು ಅಳತೆ, ಸಾಮಗ್ರಿಯ ಗುಣಮಟ್ಟ, ಒಟ್ಟು ಬೆಲೆ, ಮುಂಗಡ, ಹಣದ ಕಂತುಗಳು, ಮುಗಿಸಬೇಕಾದ ದಿನಾಂಕ ಇವು ಸ್ಪಷ್ಟವಾಗಿರಬೇಕು. ಕಂತುಗಳು ಕೆಲಸದ ಪ್ರಗತಿಗೆ ಅನುಸಾರವಾಗಿರಬೇಕು. ಉಭಯರೂ ಸಹಿ ಮಾಡಿ ಒಂದೊಂದು ಪ್ರತಿ ಇಟ್ಟುಕೊಳ್ಳಬೇಕು. ಇದು ಮನೆಯೊಡೆಯನಿಗೆ ಮಾತ್ರ ರಕ್ಷಣೆಯಲ್ಲ. ಕೆಲಸ ಹೆಚ್ಚಿಸಿ ಕೂಲಿ ಹೆಚ್ಚಿಸದ ಒಡೆಯನಿಂದ ಗೌಂಡಿಯನ್ನೂ ಇದೇ ಪತ್ರ ಕಾಯುತ್ತದೆ.

ಕರಾರು ಮುರಿದವನು ಅದರಿಂದ ಸಹಜವಾಗಿ ಉಂಟಾದ ನಷ್ಟವನ್ನು ತುಂಬಿಕೊಡಬೇಕೆಂದು ಇದೇ ಕಾಯಿದೆಯ 73ನೆಯ ಕಲಮು ಹೇಳುತ್ತದೆ. ಅದಕ್ಕಾಗಿ ಸಾಮಾನ್ಯವಾಗಿ 3 ವರ್ಷಗಳೊಳಗೆ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಬೇಕು. ಹಣ ಕೊಟ್ಟು ಪಡೆದ ಸೇವೆಯಲ್ಲಿ ಲೋಪವಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ 2 ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು.

ಆದರೆ ಒಂದು ಎಚ್ಚರ ಅವಶ್ಯ. ಷರತ್ತುಗಳು ಒಮ್ಮೆ ಬರಹಕ್ಕಿಳಿದ ಮೇಲೆ, ಅವುಗಳಿಗೆ ವಿರುದ್ಧವಾದ ಬಾಯಿಮಾತಿನ ಸಾಕ್ಷ್ಯವನ್ನು ನ್ಯಾಯಾಲಯ ಸಾಮಾನ್ಯವಾಗಿ ಸ್ವೀಕರಿಸದು. ಓದದೆ ಒತ್ತಿದ ಹೆಬ್ಬೆಟ್ಟು ಮನೆಯನ್ನೇ ಸಾಲಕ್ಕೆ ನೂಕಬಹುದು. ಓದುಬಾರದ ಹಿರಿಯರಿರುವ ಮನೆಗಳಲ್ಲಿ ಆ ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿ ಹೇಳುವ ಹೊಣೆ, ಅಕ್ಷರ ಕಲಿತ ಮಕ್ಕಳದು.