ಅರವತ್ತರಲ್ಲಿ ಮಾತ್ರ ಮುಗ್ಗರಿಸುವ ಕಾರು

ಭಾವನ ಹಳೆಯ ಪೆಟ್ರೋಲ್ ಕಾರು ಸಾಗರದಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯುದ್ದಕ್ಕೂ ಜರ್ಕ್ ಹೊಡೆಯುತ್ತಿತ್ತು. ಸೀದಾ ರಸ್ತೆ, ಟಾಪ್ ಗೇರು, ಆಕ್ಸಿಲರೇಟರ್ ಮೇಲೆ ಹಗುರವಾಗಿ ಇಟ್ಟ ಕಾಲು. ಎಲ್ಲ ಸರಿಯಿದೆ ಅನ್ನುವಷ್ಟರಲ್ಲಿ ಹಿಂದಿನಿಂದ ಯಾರೋ ಹಿಡಿದು ಬಿಟ್ಟ ಹಾಗೆ ಗಾಡಿ ಒಮ್ಮೆ ತಡೆದು ಮುಂದಕ್ಕೆ ಹಾರುತ್ತಿತ್ತು. ಒಂದು ಗ್ಯಾರೇಜಿನಲ್ಲಿ ಪ್ಲಗ್ ಬದಲಾಯಿಸಿದರು. ಹೋಗಲಿಲ್ಲ. ಕಾಯಿಲ್ ಬದಲಾಯಿಸಿದರು. ಹೋಗಲಿಲ್ಲ. ಟ್ಯಾಂಕಿನೊಳಗಿನ ಫ್ಯುಯೆಲ್ ಪಂಪನ್ನೂ ಹೊಸದು ಹಾಕಿದರು. ಬಿಲ್ಲು ಬೆಳೆಯಿತು, ಜರ್ಕ್ ಹಾಗೇ ಉಳಿಯಿತು. ಡ್ಯಾಶ್‌ಬೋರ್ಡಿನಲ್ಲಿ ಚೆಕ್ ಲೈಟ್ ಕೂಡ ಬಂದಿರಲಿಲ್ಲ.

ಕೊನೆಗೆ ಶಿವಮೊಗ್ಗದ ಹಿರಿಯ ಮೇಸ್ತ್ರಿಯೊಬ್ಬರ ಹತ್ತಿರ ಹೋದೆವು. ಅವರು ಬಾನೆಟ್ ಎತ್ತುವ ಮೊದಲು ಭಾವನನ್ನು ಮಾತಿಗೆಳೆದರು.

"ಎಷ್ಟು ಸ್ಪೀಡಲ್ಲಿ ಹೊಡಿಯುತ್ತೆ ಸಾರ್?"

"ಐವತ್ತು, ಅರವತ್ತರಲ್ಲಿ. ಎಂಬತ್ತಕ್ಕೆ ಹೋದ್ರೆ ಏನೂ ಇಲ್ಲ."

"ಏರಲ್ಲಿ, ಕಾಲು ಪೂರ್ತಿ ಒತ್ತಿದಾಗ?"

"ಚೆನ್ನಾಗೇ ಎಳಿಯುತ್ತೆ."

"ಹಂಗಾದ್ರೆ ಪಂಪ್ ಯಾಕೆ ಬಿಚ್ಚಿದ್ರು?"

ಆ ಪ್ರಶ್ನೆಯಲ್ಲೇ ಅರ್ಧ ತನಿಖೆ ಮುಗಿದಿತ್ತು. ಪಂಪ್ ಸೋತಿದ್ದರೆ ಇಂಜಿನ್ ಹೆಚ್ಚು ಪೆಟ್ರೋಲ್ ಕೇಳುವಾಗ, ಅಂದರೆ ಏರು ಹತ್ತುವಾಗ, ಲಾರಿಯನ್ನು ಹಿಂದೆ ಹಾಕುವಾಗ ಕೈಕೊಡಬೇಕು. ಪ್ಲಗ್ಗು, ಕಾಯಿಲ್ ಕೆಟ್ಟರೂ ಸಾಮಾನ್ಯವಾಗಿ ಭಾರ ಬಿದ್ದಾಗಲೇ ಮಿಸ್ಸಿಂಗ್ ಜೋರಾಗುವುದು. ಈ ಕಾರಿಗೆ ಭಾರ ಹೊರುವುದು ಕಷ್ಟವಾಗಿರಲಿಲ್ಲ, ಆರಾಮಾಗಿ ಹೋಗುವುದು ಕಷ್ಟವಾಗಿತ್ತು. ಹೀಗಾಗಿ ಮೇಸ್ತ್ರಿಯ ಅನುಮಾನ ಹೋದದ್ದು ಇಂಜಿನ್ನಿನ ಪಕ್ಕದಲ್ಲಿ ಎರಡು ಸ್ಕ್ರೂಗಳಲ್ಲಿ ಕೂತಿದ್ದ, ಬೆಂಕಿಪೊಟ್ಟಣದಷ್ಟು ದೊಡ್ಡದಾದ ಕಪ್ಪು ಪ್ಲಾಸ್ಟಿಕ್ ಡಬ್ಬಿಯ ಮೇಲೆ. ಅದರ ಹೆಸರು ಥ್ರಾಟಲ್ ಪೊಸಿಷನ್ ಸೆನ್ಸರ್. ಗ್ಯಾರೇಜಿನವರಿಗೆ ಬರೀ ಟಿಪಿಎಸ್.

ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಹೋಗುತ್ತದೆ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಪೆಟ್ರೋಲ್ ಕಾರಿನಲ್ಲಿ ನಮ್ಮ ಕಾಲು ನೇರವಾಗಿ ನಿಯಂತ್ರಿಸುವುದು ಗಾಳಿಯನ್ನು. ಇಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ ದುಂಡನೆಯ ಒಂದು ತಟ್ಟೆಯಿದೆ. ಕಾಲು ಒತ್ತಿದಂತೆ ಅದು ತಿರುಗಿ ದಾರಿ ಬಿಡುತ್ತದೆ. ಒಳಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಬೇರೆ ಸೆನ್ಸರುಗಳು ಅಳೆದು ಹೇಳುತ್ತವೆ. ಸುಮಾರು 14.7 ಗ್ರಾಂ ಗಾಳಿಗೆ 1 ಗ್ರಾಂ ಪೆಟ್ರೋಲ್ ಎಂಬ ಲೆಕ್ಕದಲ್ಲಿ ಕಾರಿನ ಕಂಪ್ಯೂಟರು ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುತ್ತದೆ.

ಹಾಗಿದ್ದ ಮೇಲೆ ತಟ್ಟೆ ಎಷ್ಟು ತೆರೆದಿದೆ ಎಂದು ಪ್ರತ್ಯೇಕವಾಗಿ ಹೇಳುವವರು ಯಾಕೆ ಬೇಕು? ಗಾಳಿಯ ಅಳತೆ ಸಿಗುವುದು ಗಾಳಿ ಬಂದ ಮೇಲೆ. ನಾವು ಫಕ್ಕನೆ ಕಾಲು ಒತ್ತಿದಾಗ ಗಾಳಿ ಒಮ್ಮೆಗೇ ನುಗ್ಗುತ್ತದೆ. ಆ ಹೊತ್ತಿನಲ್ಲಿ ಚಿಮ್ಮಿದ ಪೆಟ್ರೋಲಿನ ಒಂದು ಪಾಲು ಕೊಳವೆಯ ಗೋಡೆಗೆ ತೇವವಾಗಿ ಅಂಟಿಕೊಂಡು ಸಿಲಿಂಡರಿಗೆ ತಡವಾಗಿ ಬರುತ್ತದೆ. ಆ ಕೊರತೆಯನ್ನು ತುಂಬಲು ಕಂಪ್ಯೂಟರು ಮುಂಚೆಯೇ ಒಂದಿಷ್ಟು ಹೆಚ್ಚು ಪೆಟ್ರೋಲ್ ಕೊಡಬೇಕು. ಕಾಲು ಪೂರ್ತಿ ತೆಗೆದು ಇಳಿಜಾರಿನಲ್ಲಿ ಬರುವಾಗ ಪೆಟ್ರೋಲನ್ನು ನಿಲ್ಲಿಸಿಯೇಬಿಡಬೇಕು. ಸಿಗ್ನಲಿನಲ್ಲಿ ನಿಂತಾಗ ಸ್ಲೋ ಸ್ಪೀಡ್ ಕಾಯ್ದುಕೊಳ್ಳಬೇಕು. ಈ ಮೂರಕ್ಕೂ ಅದು ಕೇಳುವ ಪ್ರಶ್ನೆ ಒಂದೇ, 'ಡ್ರೈವರನ ಕಾಲು ಈಗ ಏನು ಮಾಡುತ್ತಿದೆ?' ಟಿಪಿಎಸ್ ಕೊಡುವುದು ಅದರ ಉತ್ತರವನ್ನು.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಪೊಟೆನ್ಶಿಯೋಮೀಟರ್ ಪ್ರಯೋಗ ನೆನಪಿರಬಹುದು. ಮರದ ಹಲಗೆಯ ಮೇಲೆ ಹಲವು ಸಾಲಾಗಿ ಎಳೆದು ಕಟ್ಟಿದ ಉದ್ದನೆಯ ತಂತಿ, ಅದನ್ನು ಅಲ್ಲಲ್ಲಿ ಮುಟ್ಟಿಸಿ ನೋಡಲು ಜಾಕಿ ಎಂಬ ಹಿಡಿ. ತಂತಿಯ ಎರಡು ತುದಿಗೆ ಬ್ಯಾಟರಿ ಕೊಟ್ಟರೆ, ಜಾಕಿ ಎಲ್ಲಿ ಮುಟ್ಟುತ್ತದೋ ಆ ಜಾಗಕ್ಕೆ ತಕ್ಕ ವೋಲ್ಟೇಜ್ ಸಿಗುತ್ತದೆ. ಟಿಪಿಎಸ್ ಒಳಗೂ ಇದೇ ವ್ಯವಸ್ಥೆ. ಉದ್ದ ತಂತಿಯ ಬದಲು ಬಿಲ್ಲಿನಂತೆ ಬಾಗಿದ ಕಪ್ಪು ಕಾರ್ಬನ್ ಪಟ್ಟಿ. ಜಾಕಿಯ ಬದಲು ಥ್ರಾಟಲ್ ತಟ್ಟೆಯ ಅಚ್ಚಿಗೆ ಜೋಡಿಸಿದ ಸಣ್ಣ ಲೋಹದ ಬೆರಳು. ಮೂರು ವೈರು: ಒಂದರಲ್ಲಿ ಕಂಪ್ಯೂಟರು ಕೊಡುವ 5 ವೋಲ್ಟ್, ಇನ್ನೊಂದು ಅರ್ತ್, ಮೂರನೆಯದು ಬೆರಳು ಓದಿದ್ದನ್ನು ವಾಪಸ್ ಒಯ್ಯುವ ಸಿಗ್ನಲ್. ಕಾಲು ತೆಗೆದಿದ್ದರೆ ಸಿಗ್ನಲ್ ಸುಮಾರು 0.5 ವೋಲ್ಟ್, ಪೂರ್ತಿ ಒತ್ತಿದರೆ ಸುಮಾರು 4.5. ಗಾಡಿಯಿಂದ ಗಾಡಿಗೆ ಅಂಕಿ ತುಸು ಆಚೀಚೆ ಆಗುತ್ತದೆ. ತಟ್ಟೆ ತಿರುಗುವುದು ಹೆಚ್ಚುಕಡಿಮೆ 90 ಡಿಗ್ರಿ, ಅಂದರೆ ಒಂದೊಂದು ಡಿಗ್ರಿಗೆ 0.04 ವೋಲ್ಟಿಗಿಂತ ಸ್ವಲ್ಪ ಹೆಚ್ಚು.

ಸೊನ್ನೆಯಿಂದ ಐದರವರೆಗೆ ಪೂರ್ತಿ ಬಳಸಿಕೊಳ್ಳದೆ ಎರಡೂ ತುದಿಯಲ್ಲಿ ಅರ್ಧರ್ಧ ವೋಲ್ಟ್ ಖಾಲಿ ಬಿಟ್ಟಿದ್ದಾರಲ್ಲ, ಅದು ನನಗೆ ಈ ಇಡೀ ಏರ್ಪಾಡಿನಲ್ಲಿ ಬಹಳ ಮೆಚ್ಚುಗೆಯಾದ ಸಂಗತಿ. ಕಾಲು ತೆಗೆದಾಗ ಸಿಗ್ನಲ್ ಸೊನ್ನೆಯಾಗುವಂತೆ ಮಾಡಿದ್ದರೆ, ವೈರು ತುಂಡಾದಾಗಲೂ ಕಂಪ್ಯೂಟರಿಗೆ ಅದೇ ಸೊನ್ನೆ ಕಾಣಿಸುತ್ತಿತ್ತು. ಡ್ರೈವರ್ ಕಾಲು ತೆಗೆದನೋ, ಇಲಿ ವೈರು ಕಡಿಯಿತೋ ತಿಳಿಯುತ್ತಿರಲಿಲ್ಲ. ಈಗ ಹಾಗಲ್ಲ. ಸರಿಯಿರುವ ಸೆನ್ಸರ್ ಯಾವತ್ತೂ ಸೊನ್ನೆ ಹೇಳುವುದಿಲ್ಲ, ಪೂರ್ತಿ ಐದನ್ನೂ ಹೇಳುವುದಿಲ್ಲ. ಹೇಳಿತೆಂದರೆ ಎಲ್ಲೋ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ. ಆಗ ಚೆಕ್ ಲೈಟ್ ಹೊತ್ತಿಕೊಳ್ಳುತ್ತದೆ. ಸ್ಕ್ಯಾನರ್ ಹಾಕಿದರೆ ಪಿ0122 ಎಂದು ಬಂದರೆ ಸಿಗ್ನಲ್ ತೀರಾ ಕೆಳಗಿದೆ ಎಂದರ್ಥ, ಪಿ0123 ಬಂದರೆ ತೀರಾ ಮೇಲಿದೆ ಎಂದು.

ಭಾವನ ಕಾರಿನಲ್ಲಿ ಮತ್ತೆ ಲೈಟ್ ಯಾಕೆ ಬರಲಿಲ್ಲ? ಪಿಯುಸಿ ಲ್ಯಾಬಿನಲ್ಲಿ ಮೇಷ್ಟ್ರು ಗದರಿಸಿ ಹೇಳುತ್ತಿದ್ದ ಒಂದು ಮಾತಿದೆ. ಜಾಕಿಯನ್ನು ತಂತಿಯ ಮೇಲೆ ಎಳೆಯಬೇಡಿ, ಎತ್ತಿ ಎತ್ತಿ ಮುಟ್ಟಿಸಿ, ಎಳೆದರೆ ತಂತಿ ಸವೆದು ಅಳತೆ ಕೆಡುತ್ತದೆ. ಕಾರಿನ ಸೆನ್ಸರಿಗೆ ಆ ಸೌಕರ್ಯವಿಲ್ಲ. ಅದರ ಬೆರಳು ವರ್ಷಗಟ್ಟಲೆ ಪಟ್ಟಿಯ ಮೇಲೆ ಉಜ್ಜುತ್ತಲೇ ಇರುತ್ತದೆ. ಅದೂ ಪಟ್ಟಿಯ ಉದ್ದಕ್ಕೂ ಸಮನಾಗಿ ಅಲ್ಲ. ಸಮತಟ್ಟಾದ ರಸ್ತೆಯಲ್ಲಿ ಅರವತ್ತರಲ್ಲಿ ಹೋಗಲು ಇಂಜಿನ್ನಿಗೆ ಬಹಳ ಗಾಳಿ ಬೇಡ, ತಟ್ಟೆ ಸ್ವಲ್ಪವೇ ತೆರೆದಿದ್ದರೆ ಸಾಕು. ನಮ್ಮ ರಸ್ತೆಗಳಲ್ಲಿ ಕಾರಿನ ಆಯುಷ್ಯದ ಬಹುಪಾಲು ಕಳೆಯುವುದೇ ಆ ಸಣ್ಣ ಸಂದಿನಲ್ಲಿ. ಇಂಜಿನ್ನಿನ ನಡುಕಕ್ಕೆ ಬೆರಳು ಅದೇ ಜಾಗದಲ್ಲಿ ಅದುರಿ ಅದುರಿ ಪಟ್ಟಿಯನ್ನು ತಿನ್ನುತ್ತದೆ. ಹಳೆಯ ರೇಡಿಯೊದ ವಾಲ್ಯೂಮ್ ಗುಂಡಿಯನ್ನು ತಿರುಗಿಸುವಾಗ ಒಂದು ಜಾಗದಲ್ಲಿ ಮಾತ್ರ ಗರಗರ ಎಂದು ದನಿ ಹರಿಯುತ್ತದಲ್ಲ, ಅದಕ್ಕೂ ಇದೇ ಕಾರಣ, ಒಳಗಿರುವುದೂ ಇದೇ ಸಾಧನ.

ಸವೆದ ಜಾಗಕ್ಕೆ ಬೆರಳು ಬಂದಾಗ ಒಂದು ಕ್ಷಣ ಸಂಪರ್ಕ ತಪ್ಪಿ ಸಿಗ್ನಲ್ ಕುಸಿಯುತ್ತದೆ. ಕಂಪ್ಯೂಟರಿಗೆ ಅದು ಡ್ರೈವರ್ ಕಾಲು ತೆಗೆದಂತೆ ಕಾಣುತ್ತದೆ, ಪೆಟ್ರೋಲ್ ಕಡಿಮೆ ಮಾಡುತ್ತದೆ. ಮರುಕ್ಷಣ ಸಂಪರ್ಕ ಕೂಡುತ್ತದೆ, ಈಗ ಡ್ರೈವರ್ ಫಕ್ಕನೆ ಒತ್ತಿದಂತೆ ಕಂಡು ಹೆಚ್ಚು ಕೊಡುತ್ತದೆ. ನಮಗೆ ತಗಲುವ ಜರ್ಕ್ ಅದು. ಚೆಕ್ ಲೈಟ್ ಬರಬೇಕಾದರೆ ತಪ್ಪು ಒಂದಿಷ್ಟು ಹೊತ್ತು ನಿಲ್ಲಬೇಕು. ಇದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಬಂದು ಹೋಗುವ ಕಳ್ಳ. ಎಂಬತ್ತಕ್ಕೆ ಹೋದರೆ ಬೆರಳು ಸವೆದ ಜಾಗವನ್ನು ದಾಟಿರುತ್ತದೆ, ಕಾರು ಸರಾಗವಾಗಿ ಓಡುತ್ತದೆ.

ಮೇಸ್ತ್ರಿ ಮೊದಲು ಡಿಜಿಟಲ್ ಮೀಟರ್ ತೆಗೆದರು. ವೈರುಗಳು ಸೆನ್ಸರಿಗೆ ಸೇರುವ ಕಪ್ಲರ್ ಬಿಚ್ಚದೆ, ಅದರ ಹಿಂಬದಿಯಿಂದ ತೆಳ್ಳಗಿನ ಪಿನ್ ಚುಚ್ಚಿ, ಇಂಜಿನ್ ಆಫ್ ಇಟ್ಟು ಕೀ ಮಾತ್ರ ಆನ್ ಮಾಡಿ ನೋಡಿದರು. 5 ವೋಲ್ಟ್ ಸರಿಯಾಗಿ ಬರುತ್ತಿತ್ತು. ಅರ್ತ್ ವೈರಿನಲ್ಲಿ ಸೊನ್ನೆಯ ಹತ್ತಿರವೇ ಇತ್ತು. ಈ ಎರಡನ್ನು ನೋಡದೆ ಸೆನ್ಸರನ್ನು ದೂರಬಾರದು ಎನ್ನುವುದು ಅವರ ಕಟ್ಟುನಿಟ್ಟು. ಆ 5 ವೋಲ್ಟನ್ನು ಹಲವು ಗಾಡಿಗಳಲ್ಲಿ ಬೇರೆ ಸೆನ್ಸರುಗಳೂ ಹಂಚಿಕೊಂಡಿರುತ್ತವೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ ಎಲ್ಲವೂ ಒಟ್ಟಿಗೆ ತಪ್ಪು ಹೇಳತೊಡಗುತ್ತವೆ. ಮಲೆನಾಡಿನ ಮಳೆಗೆ ಕಪ್ಲರಿನ ಪಿನ್ನು ಹಸಿರು ಕಿಲುಬು ಹಿಡಿದಿರುತ್ತದೆ. ಬೆಚ್ಚಗಿನ ಇಂಜಿನ್ ಹುಡುಕಿಕೊಂಡು ಬಂದ ಇಲಿ ವೈರಿನ ಸಿಪ್ಪೆ ಸುಲಿದಿರುತ್ತದೆ. ಸ್ಕ್ಯಾನರ್ ತೋರಿಸುವ ಪಿ0122 ಆ ಸರ್ಕ್ಯೂಟಿನಲ್ಲಿ ತೊಂದರೆಯಿದೆ ಎನ್ನುತ್ತದೆಯೇ ಹೊರತು ಸೆನ್ಸರೇ ಕೆಟ್ಟಿದೆ ಎಂದು ಹೇಳುವುದಿಲ್ಲ. ಆ ನಂಬರನ್ನು ನೋಡಿದೊಡನೆ ಹೊಸ ಸೆನ್ಸರ್ ತರಿಸಿ, ಹಾಕಿ, ಏನೂ ಬದಲಾಗದೆ ಗಿರಾಕಿಯ ದುಡ್ಡು ಪೋಲಾಗುವುದನ್ನು ಕಂಡಾಗ ಸಂಕಟವಾಗುತ್ತದೆ. ಐದು ನಿಮಿಷದ ಅಳತೆಯಿಂದ ತಪ್ಪುವ ಖರ್ಚು ಅದು.

ಸಿಗ್ನಲ್ ವೈರಿಗೆ ಮೀಟರ್ ಕೊಟ್ಟು, ಥ್ರಾಟಲನ್ನು ಕೈಯಿಂದ ತಿರುಗಿಸಿದಾಗ ಅಂಕಿ 0.5ರಿಂದ ಏರುತ್ತಾ ಹೋಯಿತು. ನೋಡಲು ಎಲ್ಲ ಸರಿ. ಸಾಮಾನ್ಯ ಡಿಜಿಟಲ್ ಮೀಟರ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಅಂಕಿ ಬದಲಾಯಿಸುತ್ತದೆ. ಮಧ್ಯದ ಕಳ್ಳ ಅದಕ್ಕೆ ಕಾಣುವುದಿಲ್ಲ. ಆಗ ಮೇಸ್ತ್ರಿ ಬೀರುವಿನಿಂದ ಹಳೆಯ ಮುಳ್ಳಿನ ಮೀಟರ್ ತಂದರು. ತಟ್ಟೆಯನ್ನು ಬಲು ನಿಧಾನವಾಗಿ, ಗಡಿಯಾರದ ದೊಡ್ಡ ಮುಳ್ಳು ಸರಿದಂತೆ ತಿರುಗಿಸತೊಡಗಿದರು. ಮುಳ್ಳು ಮೆಲ್ಲಗೆ ಏರುತ್ತಾ ಒಂದು ವೋಲ್ಟನ್ನು ಸಮೀಪಿಸಿತು. ಅಲ್ಲಿ ಒಮ್ಮೆ ನಡುಗಿ, ಎಡಕ್ಕೆ ಹಾರಿ, ಮತ್ತೆ ಜಾಗಕ್ಕೆ ಬಂತು. ಹಿಂದಕ್ಕೆ ತಿರುಗಿಸಿದರೂ ಅಲ್ಲೇ ನಡುಗಿತು. ಸ್ಕ್ರೂಡ್ರೈವರಿನ ಹಿಡಿಯಿಂದ ಡಬ್ಬಿಯನ್ನು ಮೆತ್ತಗೆ ತಟ್ಟಿದಾಗ ಮುಳ್ಳು ಎರಡು ಮೂರು ಸಲ ಕುಣಿಯಿತು. ಒಂದು ವೋಲ್ಟ್ ದಾಟಿದ ಮೇಲೆ ಕೊನೆಯವರೆಗೂ ನೇರ ಏರಿಕೆ.

ಆಸಿಲೋಸ್ಕೋಪ್ ಇದ್ದರೆ ಇದೇ ಕುಸಿತ ಪರದೆಯ ಮೇಲೆ ಮುಳ್ಳಿನಂತಹ ಗೆರೆಯಾಗಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಕನಿಷ್ಠ, ಗರಿಷ್ಠ ನೆನಪಿಟ್ಟುಕೊಳ್ಳುವ ಮೀಟರುಗಳೂ ಕೆಲವೊಮ್ಮೆ ಹಿಡಿದುಕೊಡುತ್ತವೆ.

ಜರ್ಕ್ ಒಂದೇ ಲಕ್ಷಣವೂ ಅಲ್ಲ. ಕಾಲು ತೆಗೆದಾಗಲೂ ಸೆನ್ಸರ್ 0.9 ಎಂದು ಹೇಳುತ್ತಿದ್ದರೆ, ಡ್ರೈವರ್ ಇನ್ನೂ ಒತ್ತಿದ್ದಾನೆ ಎಂದೇ ಕಂಪ್ಯೂಟರ್ ನಂಬುತ್ತದೆ. ಕ್ಲಚ್ ಒತ್ತಿದರೂ ಇಂಜಿನ್ ಕೂಗುತ್ತಲೇ ಇರಬಹುದು, ಇಳಿಜಾರಿನಲ್ಲಿ ಪೆಟ್ರೋಲ್ ನಿಲ್ಲದೆ ಮೈಲೇಜ್ ಬೀಳಬಹುದು. ಆಟೊಮ್ಯಾಟಿಕ್ ಗಾಡಿಯಲ್ಲಿ ಗೇರು ಹೊತ್ತಲ್ಲದ ಹೊತ್ತಿಗೆ ಬದಲಾಗಬಹುದು. ಆದರೆ ಇಂಜಿನ್ನಿನ ಎಣ್ಣೆಯ ಹಬೆ ಥ್ರಾಟಲ್ ತಟ್ಟೆಯ ಅಂಚಿಗೆ ಮಸಿಯಾಗಿ ಕೂತರೂ ಸ್ಲೋ ಸ್ಪೀಡ್ ಹೀಗೇ ಕೆಡುತ್ತದೆ. ಆಗ ಬೇಕಾದದ್ದು ಕ್ಲೀನರ್ ಸ್ಪ್ರೇ ಮತ್ತು ಹಳೆಯ ಬನಿಯನ್ ಬಟ್ಟೆ, ಹೊಸ ಸೆನ್ಸರ್ ಅಲ್ಲ.

ಈಗಿನ ಕಾರುಗಳಲ್ಲಿ ಕಾಲಿಗೂ ತಟ್ಟೆಗೂ ನಡುವೆ ಕೇಬಲ್ ಇಲ್ಲ. ಪೆಡಲಿನ ಸೆನ್ಸರ್ ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಮೋಟರಿಗೆ ಹೇಳಿ ತಟ್ಟೆ ತಿರುಗಿಸುತ್ತದೆ. ತಪ್ಪಾದರೆ ಜೀವಕ್ಕೇ ಅಪಾಯವಾದ್ದರಿಂದ ಅಲ್ಲಿ ಸೆನ್ಸರ್ ಜೋಡಿಯಾಗಿರುತ್ತದೆ. ಬಹಳ ಕಡೆ ಒಂದರ ಸಿಗ್ನಲ್ ಏರಿದಂತೆ ಇನ್ನೊಂದರದು ಇಳಿಯುತ್ತದೆ. ಇಬ್ಬರ ಸಾಕ್ಷಿ ತಾಳೆಯಾಗದಿದ್ದರೆ ಪಿ2135 ಎಂಬ ಕೋಡ್ ಬಂದು, ಮೋಟರಿನ ಕೈಯಿಂದ ಅಧಿಕಾರ ಹೋಗಿ, ಸ್ಪ್ರಿಂಗು ತಟ್ಟೆಯನ್ನು ಸ್ವಲ್ಪವೇ ತೆರೆದ ಸ್ಥಿತಿಗೆ ತಂದಿಡುತ್ತದೆ. ರಸ್ತೆ ಬದಿಗೆ ಅಥವಾ ಹತ್ತಿರದ ಗ್ಯಾರೇಜಿಗೆ ತೆವಳಿಕೊಂಡು ಹೋಗಲು ಅಷ್ಟು ಸಾಕು. ಇಂಥ ಗಾಡಿಯಲ್ಲಿ ಕೀ ಆನ್ ಇಟ್ಟು ತಟ್ಟೆಗೆ ಬೆರಳು ಹಾಕಲೇಬಾರದು. ಮೋಟರ್ ತಟ್ಟೆಯನ್ನು ಮುಚ್ಚಿಬಿಟ್ಟರೆ ಬೆರಳು ಜಜ್ಜಿಹೋಗುತ್ತದೆ. ಹೊಸ ಸೆನ್ಸರುಗಳಲ್ಲಿ ಬಹಳಷ್ಟು ಉಜ್ಜುವ ಬೆರಳನ್ನೇ ಬಿಟ್ಟು, ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಬಳಸಿ, ಆಯಸ್ಕಾಂತ ತಿರುಗುವುದನ್ನು ಮುಟ್ಟದೆಯೇ ಓದುತ್ತವೆ. ಅವುಗಳಲ್ಲಿ ಸವೆಯುವ ಪಟ್ಟಿಯಿಲ್ಲ. ಇಲಿ ಮತ್ತು ಕಿಲುಬಿನ ಕಾಟ ಮಾತ್ರ ಅವಕ್ಕೂ ತಪ್ಪಿಲ್ಲ.

ಮೇಸ್ತ್ರಿ ಹೊಸ ಸೆನ್ಸರ್ ಕೂರಿಸಿದರು. ಸ್ಕ್ರೂ ಬಿಗಿಯುವ ಮುನ್ನ ಡಬ್ಬಿಯನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಮುಚ್ಚಿದ ಸ್ಥಿತಿಯ ವೋಲ್ಟೇಜನ್ನು ಕಂಪನಿಯ ಪುಸ್ತಕದಲ್ಲಿದ್ದ ಅಂಕಿಗೆ ತಂದರು. ಭಾವ ಹಣ ಎಣಿಸುತ್ತಿರುವಾಗ ಹಳೆಯ ಸೆನ್ಸರನ್ನು ವೈಸಿಗೆ ಕಚ್ಚಿಸಿ ಗರಗಸದ ಬ್ಲೇಡಿನಿಂದ ಮುಚ್ಚಳ ಸೀಳಿ ನಮ್ಮ ಮುಂದಿಟ್ಟರು. ಒಳಗೆ ಬಿಲ್ಲಿನಾಕಾರದ ಕಪ್ಪು ಪಟ್ಟಿ, ಮುಕ್ಕಾಲು ಭಾಗ ಹೊಸದರಂತೆ ನುಣ್ಣಗಿತ್ತು. ಶುರುವಿನ ತುದಿಯಿಂದ ತುಸು ಮುಂದೆ, ಅಕ್ಕಿಕಾಳಿನಷ್ಟು ಜಾಗದಲ್ಲಿ ಕಪ್ಪು ಅಳಿಸಿಹೋಗಿ ಅಡಿಯ ಕಂದು ಹಲಗೆ ಕಾಣುತ್ತಿತ್ತು. ಮೇಸ್ತ್ರಿ ಅದರ ಮೇಲೆ ಉಗುರಿಟ್ಟು ಭಾವನ ಮುಖ ನೋಡಿದರು. "ಇದೇ ನೋಡಿ ಸಾರ್, ನಿಮ್ಮ ಅರವತ್ತು."