ವಕೀಲಿಕೆಯಿಂದ ವಿಧಾನಸೌಧಕ್ಕೆ: ಕೆಂಗಲ್ ಹನುಮಂತಯ್ಯ

ಕೆಂಗಲ್ ಹನುಮಂತಯ್ಯ 1908ರಲ್ಲಿ ರಾಮನಗರದ ಬಳಿಯ ಲಕ್ಕಪ್ಪನಹಳ್ಳಿಯ ರೈತ ಕುಟುಂಬದಲ್ಲಿ ಹುಟ್ಟಿದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಬಿ.ಎ., ಪುಣೆಯಲ್ಲಿ ಕಾನೂನು ಪದವಿ ಪಡೆದು ಬೆಂಗಳೂರಿನಲ್ಲಿ ವಕೀಲಿಕೆ ಹಿಡಿದರೂ, ಕರಿಕೋಟು ಬಹುಕಾಲ ಮೈಮೇಲೆ ಉಳಿಯಲಿಲ್ಲ. ಸ್ವಾತಂತ್ರ್ಯ ಹೋರಾಟ ಸೆಳೆದುಕೊಂಡಿತು, ಸೆರೆವಾಸವೂ ಬಂತು. ಮುಂದೆ ಸಂವಿಧಾನ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಯಾದರು.

1952ರಲ್ಲಿ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ವಿಧಾನಸೌಧಕ್ಕೆ ನೆಹರೂ 1951ರಲ್ಲೇ ಅಡಿಗಲ್ಲು ಇಟ್ಟಿದ್ದರು. ಆದರೆ ಮೂಲ ನಕ್ಷೆ ಹನುಮಂತಯ್ಯನವರಿಗೆ ಸಪ್ಪೆಯೆನಿಸಿತು. ಅದನ್ನು ಬದಲಿಸಿ, ದ್ರಾವಿಡ ಶೈಲಿಯ, ಸುಮಾರು 700 ಅಡಿ ಉದ್ದದ ಕಲ್ಲಿನ ಭವ್ಯ ಕಟ್ಟಡವನ್ನು ಎಬ್ಬಿಸಿದರು. ಕಟ್ಟಡ ಏರಿದಂತೆ ಖರ್ಚೂ ಏರಿತು, ಟೀಕೆಯೂ ಏರಿತು.

ಕನ್ನಡ ಪ್ರದೇಶಗಳ ಏಕೀಕರಣವಾದರೆ ತಮ್ಮ ಪ್ರಾಬಲ್ಯ ಕುಗ್ಗೀತೆಂದು ಹಳೇ ಮೈಸೂರಿನ ಹಲವು ನಾಯಕರು ಹಿಂಜರಿದಾಗ, ಹನುಮಂತಯ್ಯ ಅದರ ಪರ ನಿಂತರು. ಬಹುಶಃ ಇದೇ ಅವರ ದೊಡ್ಡ ಸಾಧನೆ. ವಿಪರ್ಯಾಸವೆಂದರೆ, ಸ್ವಪಕ್ಷೀಯರ ವಿರೋಧದಿಂದ 1956ರ ಆಗಸ್ಟ್‌ನಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ನವೆಂಬರ್ 1ರಂದು ಆ ಪ್ರದೇಶಗಳು ಒಂದಾದಾಗ ಕುರ್ಚಿಯಲ್ಲಿ ಅವರಿರಲಿಲ್ಲ.

1962ರಿಂದ ಲೋಕಸಭೆಯಲ್ಲಿದ್ದ ಅವರು ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ, 1971-72ರಲ್ಲಿ ಕೇಂದ್ರ ರೈಲ್ವೆ ಸಚಿವರಾಗಿ ದುಡಿದರು. 1977ರ ಚುನಾವಣೆಯಲ್ಲಿ ಸೋತು, 1980ರಲ್ಲಿ ನಿಧನರಾದರು.