ಬಿಸಿಲಿಗೆ ಸುಟ್ಟ ಮೈಗೆ ಲೋಳೆಸರದ ತಂಪು

ಕಳೆದ ಏಪ್ರಿಲ್‌ನ ಒಂದು ಭಾನುವಾರ ಗೇಟ್‌ವೇಯಿಂದ ಲಾಂಚ್ ಹತ್ತಿ ಅಲಿಬಾಗ್‌ಗೆ ಹೋಗಿದ್ದೆವು. ಸಮುದ್ರ ಇಳಿದಿತ್ತು. ಮಕ್ಕಳು ಕೊಲಾಬಾ ಕೋಟೆಯವರೆಗೂ ನಡೆದೇ ಹೋಗಿ ಬಂದರು. ಗಾಳಿ ತಂಪಾಗಿ ಬೀಸುತ್ತಿದ್ದುದರಿಂದ ಬಿಸಿಲು ಯಾರ ಲೆಕ್ಕಕ್ಕೂ ಬರಲಿಲ್ಲ. ರಾತ್ರಿ ಡೊಂಬಿವಲಿಯ ಮನೆ ಸೇರುವಷ್ಟರಲ್ಲಿ ಒಂಬತ್ತು ವರ್ಷದ ಮಗನ ಹೆಗಲು, ಕತ್ತಿನ ಹಿಂಭಾಗ ಕೆಂಪೇರಿ, ಅಂಗಿ ತಾಗಿದರೂ ಚೀರುತ್ತಿದ್ದ. ನಮ್ಮ ಕಪ್ಪು ಮೈಗೆ ಬಿಸಿಲು ಏನು ಮಾಡೀತು ಎಂಬ ನನ್ನ ಧೈರ್ಯ ಅಂದೇ ಇಳಿಯಿತು.

ಹೀಗೆ ಚರ್ಮ ಸುಡುವುದು ಸೆಕೆಯಿಂದಲ್ಲ, ಸೂರ್ಯನ ನೇರಳಾತೀತ ಕಿರಣಗಳಿಂದ. ಅದಕ್ಕೇ ತಂಗಾಳಿಯಲ್ಲೂ ಮೋಡ ಕವಿದ ದಿನದಲ್ಲೂ ಅದು ತಪ್ಪದು. ನೀರು, ಮರಳು ಎರಡೂ ಆ ಕಿರಣಗಳನ್ನು ಮೈಮೇಲೆ ತಿರುಗಿಸಿ ಎಸೆಯುತ್ತವೆ. ಉರಿ ಕಾಣಿಸಿಕೊಳ್ಳುವುದು ಕೆಲವು ಗಂಟೆ ತಡವಾಗಿ.

ಆ ರಾತ್ರಿ ಸಲಹೆಗಳಿಗೆ ಬರವಿರಲಿಲ್ಲ. ಪಕ್ಕದ ಮನೆಯವರು ನಿಂಬೆರಸ ಎಂದರು, ಇನ್ನೊಬ್ಬರು ಟೂತ್‌ಪೇಸ್ಟ್. ನಾನಂತೂ ಫ್ರಿಜ್‌ನಿಂದ ಐಸ್ ತೆಗೆದಾಗಿತ್ತು. ಕುಂದಾಪುರದಿಂದ ಅಮ್ಮ ಫೋನಿನಲ್ಲೇ ಗದರಿದರು: "ಐಸ್ ಇಡಬೇಡ ಮಾರಾಯ್ತಿ, ಮೊದಲು ತಣ್ಣೀರು ಹೊಯ್ಯಿ!"

ಅಮ್ಮ ಹೇಳಿದ್ದೇ ಸರಿ. ಐಸ್ ನೇರವಾಗಿ ತಾಗಿದರೆ ಸುಟ್ಟ ಚರ್ಮಕ್ಕೆ ಇನ್ನೊಂದು ಗಾಯ. ನಿಂಬೆರಸ ಹಚ್ಚಿದ ಜಾಗಕ್ಕೆ ಮತ್ತೆ ಬಿಸಿಲು ಬಿದ್ದರೆ ಗುಳ್ಳೆ ಎದ್ದು ಕಪ್ಪು ಕಲೆ ಉಳಿಯಬಹುದು. ಟೂತ್‌ಪೇಸ್ಟ್ ಉರಿ ಹೆಚ್ಚಿಸುತ್ತದೆ. ಮುಲ್ತಾನಿ ಮಿಟ್ಟಿ ಮೊದಲೇ ಒಣಗಿದ ಚರ್ಮವನ್ನು ಮತ್ತಷ್ಟು ಬಿಗಿಯುತ್ತದೆ. ತಣ್ಣೀರಿನಲ್ಲಿ ಅದ್ದಿ ಹಿಂಡಿದ ಹಳೆಯ ಪಂಚೆಯ ತುಂಡನ್ನು ಹತ್ತು ಹದಿನೈದು ನಿಮಿಷ ಹಾಸಿಡುವುದು, ದಿನಕ್ಕೆ ಹಲವು ಸಲ, ಎಲ್ಲಕ್ಕಿಂತ ಮೇಲು. ಆದರೆ ತಾರಸಿಯ ಟ್ಯಾಂಕಿನಿಂದ ಬರುವ ನಲ್ಲಿ ನೀರು ಬೇಸಿಗೆಯಲ್ಲಿ ರಾತ್ರಿಯೂ ಬೆಚ್ಚಗೇ ಇರುತ್ತದೆ! ನಾವು ಮಡಕೆಯ ನೀರು ಬಳಸಿದೆವು.

ಆಮೇಲೆ ಲೋಳೆಸರ. ಮುಂಬಯಿ, ಪುಣೆಯಲ್ಲಿ ಕೋರಫಡ್ ಎಂದು ಕೇಳಿ, ಹೈದರಾಬಾದಿನಲ್ಲಿ ಕಲಬಂದ, ದೆಹಲಿಯಲ್ಲಿ ಗ್ವಾರಪಾಠಾ. ಚೆನ್ನೈಯಲ್ಲಿ ಮಾತ್ರ ಸ್ವಲ್ಪ ಎಚ್ಚರ: ಅಲ್ಲಿಯ ಕತ್ತಾಳೈ ನಮ್ಮ ಲೋಳೆಸರ, ನಮ್ಮ ಕತ್ತಾಳೆಯೇ ಬೇರೆ. ಬೇಲಿಗೆ ನೆಡುವ ಆ ಕತ್ತಾಳೆಯ ರಸ ತಾಗಿದರೆ ತುರಿಕೆ, ಉರಿ. ಲೋಳೆಸರದ ಎಲೆ ಕತ್ತರಿಸಿದ ಕೂಡಲೇ ಹಚ್ಚಬಾರದು. ಕತ್ತರಿಸಿದ ತುದಿ ಕೆಳಗೆ ಮಾಡಿ ಸ್ವಲ್ಪ ಹೊತ್ತು ನಿಲ್ಲಿಸಿದರೆ ಹಳದಿ ಹಾಲು ಸೋರಿಹೋಗುತ್ತದೆ. ಅದೂ ಕೆಲವರ ಚರ್ಮಕ್ಕೆ ಒಗ್ಗದು. ತೊಳೆದು, ಸಿಪ್ಪೆ ತೆಗೆದು, ಒಳಗಿನ ತಿಳಿ ಲೋಳೆಯನ್ನಷ್ಟೇ ಮೊದಲು ಮೊಣಕೈಯ ಒಳಬದಿಗೆ ಹಚ್ಚಿ ನೋಡಿ.

ಸೌತೆಕಾಯಿ ಬಿಲ್ಲೆ, ತಣ್ಣನೆಯ ಮೊಸರು ಹಿತವೆನಿಸುತ್ತವೆ, ಅಷ್ಟೇ. ಚರ್ಮ ಒಡೆದಿದ್ದರೆ ಅವೂ ಬೇಡ. ಕೊಬ್ಬರಿ ಎಣ್ಣೆ ನಮ್ಮವರ ಸರ್ವರೋಗ ನಿವಾರಕ. ಆದರೆ ಮೈ ಬಿಸಿಯಾಗಿರುವಾಗ ಜಿಡ್ಡು ಬಳಿದರೆ ಶಾಖ ಒಳಗೇ ಉಳಿಯುತ್ತದೆ. ಉರಿ ಆರಿ ಚರ್ಮ ಒಣಗತೊಡಗಿದ ಮೇಲೆ ಧಾರಾಳವಾಗಿ ಹಚ್ಚಿ. ಹೊಟ್ಟೆಗೆ ನೀರು, ಮಜ್ಜಿಗೆ, ಎಳನೀರು ಹೋಗುತ್ತಲೇ ಇರಲಿ.

ಬೆಳಿಗ್ಗೆ ಹೆಗಲ ಮೇಲೆ ಎರಡು ಗುಳ್ಳೆ ಎದ್ದಿದ್ದವು. ಚುಚ್ಚಬಾರದು, ಅದು ಒಡೆದರೆ ಸೋಂಕಿಗೆ ದಾರಿ. ಗುಳ್ಳೆಗಳು ದೊಡ್ಡದಾಗಿ ಹರಡಿದರೆ, ಜ್ವರ, ಚಳಿ, ವಾಂತಿ ಅಥವಾ ತಲೆಸುತ್ತು ಬಂದರೆ ಮನೆಮದ್ದು ಬಿಟ್ಟು ವೈದ್ಯರಲ್ಲಿಗೆ ಹೋಗಬೇಕು. ಒಂದು ವರ್ಷದೊಳಗಿನ ಮಗುವಾದರೆ ಇದನ್ನೆಲ್ಲ ಕಾಯಲೇಬಾರದು.

ನಾಲ್ಕನೆಯ ದಿನ ಸಿಪ್ಪೆ ಏಳತೊಡಗಿತು. "ಎಳೀಬೇಡ" ಎಂದಷ್ಟೂ ಮಗ ಎಳೆಯುತ್ತಿದ್ದ, ಹಾವಿನ ಪೊರೆ ಎಂದು ತಂಗಿಗೆ ತೋರಿಸುತ್ತಿದ್ದ. ಈ ವರ್ಷ ಮತ್ತೆ ಅಲಿಬಾಗ್ ಅನ್ನುತ್ತಿದ್ದಾನೆ. ಬೆಳಿಗ್ಗೆ ಹತ್ತರೊಳಗೆ ಇಲ್ಲವೇ ಸಂಜೆ ನಾಲ್ಕರ ಮೇಲೆ ಮಾತ್ರ ಮರಳಿಗಿಳಿಯುವುದು, ಮೈಮೇಲೆ ತೋಳಿನ ಅಂಗಿ ಎಂದು ಷರತ್ತು ಹಾಕಿದ್ದೇನೆ. ಸಮುದ್ರದ ಇಳಿತ ನಮ್ಮ ಗಡಿಯಾರ ಕೇಳುವುದಿಲ್ಲವಾದ್ದರಿಂದ ಕೋಟೆಯ ವಿಷಯ ಇನ್ನೂ ಇತ್ಯರ್ಥವಾಗಿಲ್ಲ.